ಹಾರ್ನ್ ಹೊಡೆದು ಹೋಗುವ ಅಣ್ಣ

ಅಣ್ಣ ತೀರಿಕೊಂಡಾಗ ಮಾತನಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಬಂಗಾರದಂಥ ಮನುಷ್ಯ. ನಾನು ಹೂಂಗುಟ್ಟಿದೆ. ಸಾವಿನ ಮನೆಯಲ್ಲಿ ವಾದ ಮಾಡಬಾರದು. ಈಗ ವರ್ಷವಾಗುತ್ತ ಬಂತು, ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಬಂಗಾರ ಖರೆ, ಆದರೆ ಬೇಕಾದ ಹೊತ್ತಿಗೆ ಎಂದೂ ಕೈಗೆ ಸಿಗದ ಬಂಗಾರ. ಅವನನ್ನು ಹುಡುಕುವುದರಲ್ಲೇ ನಮ್ಮ ಮೂವರು ಹೆಣ್ಣುಮಕ್ಕಳ ಅರ್ಧ ಆಯುಷ್ಯ ಕಳೆಯಿತು.

ನಮ್ಮ ತವರು ರಾಯಿಕೋಡ್ ಹತ್ತಿರದ ಒಂದು ಹಳ್ಳಿ. ಅಕ್ಕನನ್ನು ಜಹೀರಾಬಾದಿಗೆ ಕೊಟ್ಟರು, ನನ್ನನ್ನು ನಾರಾಯಣಖೇಡಕ್ಕೆ, ತಂಗಿಯನ್ನು ತಾಂಡೂರಿಗೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಯಾರ ಮನೆಯನ್ನಾದರೂ ಮುಟ್ಟಬಹುದು. ಅಕ್ಕನ ಬೆನ್ನಿಗೆ ಹುಟ್ಟಿದವನು ಅವನು, ಆಮೇಲೆ ನಾನು, ಬಹಳ ತಡವಾಗಿ ಹುಟ್ಟಿದ ಕೊನೆಯವಳು ತಂಗಿ. ಮೂವರಿಗೆ ಸೇರಿ ಒಬ್ಬನೇ ಗಂಡು. ಹೊಲವನ್ನು ತನ್ನ ಹೆಂಡತಿಯ, ನಮ್ಮ ವೈನಿಯ ತಲೆಗೆ ಕಟ್ಟಿ ಅವನು ತಾಂಡೂರಿನ ಫರಸಿಯ ಲಾರಿ ಹತ್ತಿದ. ಆ ನೀಲಿ ಕಲ್ಲಿನ ಚಪ್ಪಡಿ ಯಾವ ಊರಿನ ನೆಲಕ್ಕೆ ಬೇಕೋ ಆ ಊರಿಗೆ ಇವನ ಪ್ರಯಾಣ. ಕೇರಳ ಅಂದರೆ ಕೇರಳ, ಪಂಜಾಬ್ ಅಂದರೆ ಪಂಜಾಬ್. ಕಂಡವರ ಮನೆಯ ಅಂಗಳಕ್ಕೆಲ್ಲ ಕಲ್ಲು ಮುಟ್ಟಿಸಿದವನಿಗೆ ಅಕ್ಕತಂಗಿಯರ ಮನೆಯ ಹೊಸ್ತಿಲು ಮಾತ್ರ ದೂರವಾಗಿತ್ತು.

ಫೋನಿನ ಕಥೆ ಹೇಳಿದರೆ ನಗುತ್ತೀರಿ. ನಾವು ಅತ್ತಿದ್ದೇವೆ. ಅವನ ಫೋನು ಒಂದು ಸಲ ಗೋದಾವರಿಯಲ್ಲಿ ಬಿತ್ತು, ಇನ್ನೊಂದು ಸಲ ಅವನದೇ ಗಾಲಿಯ ಕೆಳಗೆ ಹೋಯಿತು, ಉಳಿದ ದಿನ ಚಾರ್ಜು ಇರುತ್ತಿರಲಿಲ್ಲ. ಹಾಗಾಗಿ ಕಂಡವರ ಫೋನು ಇಸಿದುಕೊಂಡು ಮಾತಾಡುತ್ತಿದ್ದ. ನನ್ನ ಫೋನಿನಲ್ಲಿ ಇಂದಿಗೂ ‘ಅಣ್ಣ ಸೂರತ್’, ‘ಅಣ್ಣ ಪಂಕ್ಚರ್’, ‘ಅಣ್ಣ ಚಹಾದಂಗಡಿ’ ಎಂದು ಸಾಲಾಗಿ ನಂಬರುಗಳಿವೆ. ಒಂದೂ ಅಣ್ಣನದಲ್ಲ. ತಿರುಗಿ ಹಚ್ಚಿದರೆ ಯಾರೋ ಪುಣ್ಯಾತ್ಮ ತನ್ನ ಭಾಷೆಯಲ್ಲಿ, ಆ ಲಾರಿಯವನು ಆಗಲೇ ಹೋದನಮ್ಮ ಎಂದು ಹೇಳುತ್ತಿದ್ದ. ಎಲ್ಲ ಭಾಷೆಯಲ್ಲೂ ಆ ಒಂದು ವಾಕ್ಯ ನನಗೆ ಅರ್ಥವಾಗುತ್ತದೆ.

ಸಿಕ್ಕಾಗ ಎಲ್ಲಿದ್ದೀಯ ಎಂದು ಕೇಳಿದರೆ ಅವನ ಉತ್ತರ ಒಂದೇ. “ಬಂದೆ ಅಂತ ತಿಳಿ.” ಇದನ್ನು ಅವನು ನಾಗಪುರದಿಂದಲೂ ಹೇಳುತ್ತಿದ್ದ, ಲೂಧಿಯಾನದಿಂದಲೂ ಹೇಳುತ್ತಿದ್ದ. ಮೊದಮೊದಲು ನಂಬಿ ಅಕ್ಕ ಹೂರಣ ರುಬ್ಬುತ್ತಿದ್ದಳು. ಎರಡು ದಿನ ಆ ಹೋಳಿಗೆಯನ್ನೇ ತಿಂದು ಭಾವನವರ ಮುಖ ಸೊಟ್ಟಗಾಗುತ್ತಿತ್ತು. ಕೊನೆಗೆ ನಾವು ವೈನಿಗೆ ಫೋನು ಹಚ್ಚಿ ಜಗಳ ತೆಗೆದರೆ, ಆಕೆ ತೊಗರಿ ಹಸನು ಮಾಡುತ್ತಲೇ, ನೀವು ಹುಡುಕ್ರಿ, ಸಿಕ್ಕರ ನನಗೂ ಒಂದ ಮಾತ ಹೇಳ್ರಿ ಎಂದು ಇಟ್ಟುಬಿಡುತ್ತಿದ್ದಳು.

ಅಕ್ಕನದು ಜಹೀರಾಬಾದಿನಲ್ಲಿ ಬೀದರ್ ರಸ್ತೆಯ ಮೇಲಿನ ಮನೆ. ಉತ್ತರದಿಂದ ತಾಂಡೂರಿಗೆ ಮರಳುವಾಗ ಆ ಮನೆಯ ಮುಂದೆಯೇ ಹಾಯಬೇಕು. ಹಾಯುತ್ತಿದ್ದ. ನಿಲ್ಲುತ್ತಿರಲಿಲ್ಲ. ದೂರದಿಂದಲೇ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದರೆ ಧೂಳು ಕಾಣುತ್ತಿತ್ತು, ಹಿಂದಿನ ಹಲಗೆಯ ಮೇಲೆ ಬರೆದ ಬಣ್ಣದ ಅಕ್ಷರ ಕಾಣುತ್ತಿತ್ತು, ತಮ್ಮ ಕಾಣುತ್ತಿರಲಿಲ್ಲ. ಆಮೇಲೆ ಜಗಳವಾಡಿದರೆ, ಹಾರ್ನ್ ಹೊಡದಿದ್ನಲ್ಲ, ಕೇಳಲಿಲ್ಲೇನು ಎನ್ನುತ್ತಿದ್ದ. ಹಾರ್ನ್ ಹೊಡೆದದ್ದೂ ಬಂದು ಹೋದ ಲೆಕ್ಕ. ಯಾಕೆ ನಿಲ್ಲಲಿಲ್ಲ ಎಂದರೆ, ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಅಲ್ಲಿ ಜಾಗವೆಲ್ಲಿದೆ ಎಂದು ನಮ್ಮನ್ನೇ ಗದರುತ್ತಿದ್ದ. ಭತ್ತದ ಲಾರಿ, ಕಬ್ಬಿನ ಲಾರಿ ಎಲ್ಲವೂ ಅಲ್ಲೇ ನಿಂತು ಚಹಾ ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕನೂ ಸುಮ್ಮನೆ ಬಿಡುವವಳಲ್ಲ. ಒಮ್ಮೆ ಅವನು ನಾಂದೇಡದ ಆಚೆಯ ಯಾವುದೋ ಧಾಬಾದಿಂದ ಮಾತಾಡಿದ. ತಿರುಗಿ ಹಚ್ಚಿದಾಗ ಧಾಬಾದವನ ಹೆಂಡತಿ ಎತ್ತಿದಳು. ಆಕೆಯ ಮರಾಠಿ, ಅಕ್ಕನ ಅರೆಬರೆ ಮರಾಠಿ ಮತ್ತು ಜಹೀರಾಬಾದಿನ ಉರ್ದು ಸೇರಿ ಒಂದು ತಾಸು ಮಾತು ನಡೆಯಿತು. ಅಂದಿನಿಂದ ಇಬ್ಬರೂ ಜೀವದ ಗೆಳತಿಯರು. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ, ಆದರೆ ಆಕೆಯ ಸೊಸೆಯ ಹೆರಿಗೆಗೆ ಇಲ್ಲಿಂದ ಬಾಣಂತಿಗೆ ಕೊಡುವ ಅಳವಿ ಉಂಡಿ ಹೋಯಿತು. ನಾಂದೇಡದ ಬಾಯಿ ಎಂದೇ ನಮ್ಮ ಮನೆಗಳಲ್ಲಿ ಆಕೆಯ ಹೆಸರು. ನಿಮ್ಮವನು ಇವತ್ತು ಎರಡೇ ರೊಟ್ಟಿ ತಿಂದ, ನಿಮ್ಮವನಿಗೆ ಕೆಮ್ಮು ಇದೆ ಎಂದು ಆಕೆ ಸುದ್ದಿ ಕೊಡುತ್ತಿದ್ದಳು. ಒಡಹುಟ್ಟಿದವನ ಕೆಮ್ಮಿನ ಸುದ್ದಿ ಪರರಾಜ್ಯದ ಧಾಬಾದಿಂದ ಬರಬೇಕಾಯಿತಲ್ಲ ಎಂದು ನನಗೆ ಉರಿಯುತ್ತಿತ್ತು.

ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಒಂದು ವರ್ಷ ಪಂಚಮಿಯ ಹಿಂದಿನ ದಿನ ನನ್ನ ಮನೆಯ ಮುಂದೆ ಲಾರಿ ನಿಂತಿತು. ಕುಣಿಯುತ್ತ ಹೊರಗೆ ಬಂದೆ. ಇಳಿದವನು ಯಾರೋ ಮೀಸೆಯವನು. ನಿಮ್ಮಣ್ಣ ಭೋಪಾಲದಾಗ ಇದಾನ್ರಿ, ಕರಕೊಂಡು ಹೋಗಾಕ ನನಗ ಹೇಳ್ಯಾನ್ರಿ ಎಂದು ಕೈ ಮುಗಿದ. ನಾನು ಶಾಲೆಯ ಮೇಷ್ಟ್ರಮ್ಮ. ಓದಿದ್ದು ಬೀದರಿನಲ್ಲಿ ಕನ್ನಡ, ಕಲಿಸುವುದು ಇಲ್ಲಿ ತೆಲುಗಿನಲ್ಲಿ ಗಣಿತ. ನನ್ನ ತರಗತಿಯ ಮಕ್ಕಳ ತಂದೆತಾಯಿ ನೋಡುತ್ತಿರುವಾಗ ರೇಷ್ಮೆ ಸೀರೆ ಎತ್ತಿಕಟ್ಟಿ, ಆಲೂಗಡ್ಡೆ ಮೂಟೆಗಳ ಲಾರಿಯ ಕ್ಯಾಬಿನ್ನು ಹತ್ತಿ ತವರಿಗೆ ಹೋದೆ. ಹೋಗದೆ ಏನು ಮಾಡಲಿ, ಅವನು ಕರೆ ಕಳಿಸಿದ್ದನಲ್ಲ.

ಅವನ ಕಾಣಿಕೆಗಳೂ ಹಾಗೇ. ಪಂಚಮಿಯ ಸೀರೆ ದೀಪಾವಳಿಗೆ ಬರುತ್ತಿತ್ತು. ಕೇರಳದಿಂದ ಒಂದು ಹಲಸಿನ ಹಣ್ಣು ಯಾವುದೋ ಲಾರಿಯಲ್ಲಿ ಬಂದು ತಂಗಿಯ ಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಕಡಲೆ, ತೊಗರಿ ಕಂಡವರಿಗೆ ಅದನ್ನು ಎಲ್ಲಿಂದ ಕೊಯ್ಯಬೇಕೆಂದು ಏನು ಗೊತ್ತು. ಅವಳ ಅತ್ತೆ ಕೊಡಲಿ ತಂದರು. ಆ ಅಂಟು ಮೂರು ದಿನ ಅವರ ಕೈಯಿಂದ ಹೋಗಲಿಲ್ಲ, ಆ ಮಾತು ಇಂದಿಗೂ ಅವರ ಬಾಯಿಂದ ಹೋಗಿಲ್ಲ.

ಇಷ್ಟು ಬೈಯುವವಳು ಇದನ್ನೂ ಹೇಳಬೇಕು. ನನ್ನ ಯಜಮಾನರಿಗೆ ಹೈದರಾಬಾದಿನಲ್ಲಿ ಆಪರೇಷನ್ ಆದಾಗ ನಾನು ಅವನಿಗೆ ತಿಳಿಸಿರಲಿಲ್ಲ. ತಿಳಿಸುವುದಾದರೂ ಯಾವ ನಂಬರಿಗೆ? ಎರಡನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಕುಳಿತಿದ್ದ. ನಾಂದೇಡದ ಬಾಯಿ ಹೇಳಿದ್ದಳಂತೆ. ನಾನು ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಅಂಥ ಧೈರ್ಯ ನನಗೆ ಬೇರೆ ಯಾರೂ ಕೊಟ್ಟಿಲ್ಲ. ಅದಕ್ಕೇ ಅವನ ಮೇಲೆ ಇಷ್ಟು ಸಿಟ್ಟು. ಬರಬಲ್ಲ ಮನುಷ್ಯ ಬಾರದಿದ್ದರೆ ಹೊಟ್ಟೆ ಉರಿಯುತ್ತದೆ.

ಆ ಉರಿ ಹೆಚ್ಚಾದದ್ದು ತಂಗಿಯ ಮಗ ಚನ್ನುವಿನ ಜವಳದ ಕಾಲಕ್ಕೆ. ನಮ್ಮವರಲ್ಲಿ ಗಂಡುಮಗುವಿನ ಮೊದಲ ಕೂದಲು ತೆಗೆಯುವಾಗ ಸೋದರಮಾವ ಮಣೆಯ ಮೇಲೆ ಕುಳಿತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊದಲ ಎಳೆಯನ್ನು ತಾನೇ ಕತ್ತರಿಸಬೇಕು. ಅಲ್ಲಿಯವರೆಗೆ ಆ ತಲೆಗೆ ಕತ್ತರಿ ಸೋಕಿಸುವಂತಿಲ್ಲ. ಒಂದನೆಯ ವರ್ಷ, ತಪ್ಪಿದರೆ ಮೂರು, ಅದೂ ತಪ್ಪಿದರೆ ಐದು. ಐದು ಮುಗಿದ ಮೇಲೆ ಅದು ಜವಳವಲ್ಲ, ಬರೀ ಹಜಾಮತಿ ಎಂದು ಪೂಜೆ ಮಾಡಿಸುವ ಅಯ್ಯನವರು ಹೇಳಿದ್ದರು. ತಂಗಿಗೆ ಬಹಳ ಕಾದ ಮೇಲೆ ಹುಟ್ಟಿದ ಕೂಸು ಅದು. ಒಂದನೆಯ ವರ್ಷ ಬೀಗರೆಲ್ಲ ಬಂದರು, ಅಡುಗೆಯಾಯಿತು, ಅಣ್ಣ ‘ಬಂದೆ ಅಂತ ತಿಳಿ’ ಎಂದ. ತಿಳಿದುಕೊಂಡು ಉಂಡು ಎದ್ದೆವು.

ಮೂರನೆಯ ವರ್ಷ ಅವನು ಅಸ್ಸಾಮಿನಲ್ಲಿದ್ದ. ಆಗ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು. ಮಣೆಯ ಮೇಲೆ ತಂಬಿಗೆ ಇಟ್ಟು, ಅದಕ್ಕೆ ಫೋನು ಆನಿಸಿ, ಫೋನಿನ ಸುತ್ತ ಜರಿಯ ರುಮಾಲು ಸುತ್ತಿದಳು. ವಿಡಿಯೋದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮುಖದ ಸೋದರಮಾವ. ಚನ್ನುವನ್ನು ಆ ರುಮಾಲಿನ ಮುಂದೆ ಕೂರಿಸಿದರು. ಕತ್ತರಿಯನ್ನು ಮೊದಲು ಫೋನಿಗೆ ಮುಟ್ಟಿಸಿ ಆಮೇಲೆ ಅಕ್ಕ ಕೂದಲು ಕತ್ತರಿಸುವುದೆಂದು ಮಾತಾಗಿತ್ತು. ಕತ್ತರಿ ಹತ್ತಿರ ಬಂತು, ಫೋನು ಕಪ್ಪಾಯಿತು. ಮರುಗಳಿಗೆಯಲ್ಲಿ ರುಮಾಲಿನೊಳಗಿಂದ ಸೋದರಮಾವ ರಿಂಗಾಗತೊಡಗಿದ. ಎತ್ತಿದರೆ ಯಾರೋ ಹುಡುಗಿ, ನಿಮಗೆ ಮನೆ ಕಟ್ಟಲು ಸಾಲ ಬೇಕೇ ಎಂದು ಕೇಳಿದಳು. ಅಯ್ಯನವರು ವಿಭೂತಿಯ ಗಟ್ಟಿ ಚೀಲಕ್ಕೆ ಹಾಕಿಕೊಂಡು ಎದ್ದರು. ತೊಡೆ ಇಲ್ಲದ ಸೋದರಮಾವನನ್ನು ಅವರು ಒಪ್ಪಲಿಲ್ಲ. ಕೂದಲು ಹಾಗೇ ಉಳಿಯಿತು.

ಐದನೆಯ ವರ್ಷ ಮುಗಿಯುತ್ತ ಬಂದಾಗ ಚನ್ನುವಿಗೆ ಸೊಂಟ ಮುಟ್ಟುವ ಜಡೆ. ಶಾಲೆಯಲ್ಲಿ ಹುಡುಗಿಯರ ಸಾಲಿಗೆ ನಿಲ್ಲಿಸಿದರು, ಅವನು ಕಚ್ಚಿದ. ದಿನವೂ ಒಂದು ಅಂಗಿ ಹರಿದುಕೊಂಡು ಬರುತ್ತಿದ್ದ. ಅತ್ತೆಯವರು ತಂಗಿಗೆ ಕೇಳುವಂತೆ, ನಿಮ್ಮ ತವರಿನವರಿಗೆ ಈ ಕೂಸು ಬೇಕಾಗಿಲ್ಲ ಅಂತ ಕಾಣ್ತದ ಎನ್ನುತ್ತಿದ್ದರು. ದಾಯಾದಿಗಳಲ್ಲಿ ಯಾರನ್ನಾದರೂ ಕರೆದು ಮುಗಿಸಿಬಿಡು ಎಂದು ನಾನೇ ಹೇಳಿದೆ. ತಂಗಿ ನನ್ನನ್ನು ನೋಡಿದ ನೋಟ ಮರೆಯುವುದಿಲ್ಲ.

“ಅಣ್ಣ ಜೀವಂತ ಇರೂತನಕ ಬ್ಯಾರೆಯವರ ಕೈಲೆ ಮಾಡಸಿದರ, ನನಗ ಅಣ್ಣ ಇಲ್ಲ ಅಂತ ಊರಿಗೆ ಸಾರಿದ್ಹಂಗ,” ಎಂದಳು. “ಈ ವರ್ಷ ಅವ ಬರಲಿಲ್ಲಂದ್ರ ಖರೇನೇ ಇಲ್ಲ ಅನ್ಕೋತೀನಿ. ತವರಿಗೂ ಬರಂಗಿಲ್ಲ.”

ಅವಳು ಹಟಮಾರಿ, ಆಡಿದರೆ ಮಾಡುವವಳು. ಅಣ್ಣನ ಫೋನು ಎತ್ತುವುದನ್ನೂ ಬಿಟ್ಟಳು. ಹೊಸ ನಂಬರುಗಳಿಂದ ಕರೆ ಬಂದರೆ ಬಡಿದುಕೊಳ್ಳಲು ಬಿಟ್ಟು ಅಡುಗೆ ಮನೆಗೆ ಹೋಗುತ್ತಿದ್ದಳು. ತವರು ಒಡೆಯುತ್ತಿದೆ ಎಂದು ಅಕ್ಕನಿಗೂ ನನಗೂ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂದು ಬೆಳಿಗ್ಗೆ ನಾಂದೇಡದ ಬಾಯಿ ಅಕ್ಕನಿಗೆ ಹೇಳಿದಳು: ಈಗ ಉಂಡು ಹೊರಟ, ಖಾಲಿ ಗಾಡಿ, ಬೀದರ್ ಮೇಲೆ ನಿಮ್ಮ ಕಡೆಯೇ ಬರುತ್ತಾನೆ. ಅಕ್ಕ ಯಾರನ್ನೂ ಏನನ್ನೂ ಕೇಳಲಿಲ್ಲ. ನನಗೆ ಅರ್ಧ ದಿನದ ರಜೆ ಹಾಕಿಸಿದಳು, ತಂಗಿಯನ್ನು ಗಂಡ ಮಗನ ಸಮೇತ ಬೈಕಿನಲ್ಲಿ ಕರೆಸಿದಳು, ಅಯ್ಯನವರನ್ನೂ ಕ್ಷೌರ ಮಾಡುವ ನಾವಿಗನನ್ನೂ ಮನೆಯ ಮುಂದಿನ ಬೇವಿನ ಕೆಳಗೆ ಕೂರಿಸಿದಳು. ಮುಹೂರ್ತ ಎಂದು ಅಯ್ಯನವರು ಬಾಯಿ ತೆರೆದರು. ಅವ ಬಂದದ್ದ ಮುಹೂರ್ತ್ರಿ ಎಂದು ಮುಚ್ಚಿಸಿದಳು.

ಹೊತ್ತು ಇಳಿಯುವಾಗ ದೂರದಲ್ಲಿ ಹಾರ್ನ್ ಕೇಳಿತು. ಅಕ್ಕ ಒಳಗಿನಿಂದ ಮಣೆ ತಂದು, ರಸ್ತೆಯ ಉಬ್ಬಿನ ಆಚೆ, ಲಾರಿ ಬರುವ ಬದಿಗೇ ಹಾಕಿ, ಅದರ ಮೇಲೆ ಕುಳಿತುಬಿಟ್ಟಳು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಸೆರಗು ಹೊದ್ದು, ನಡುರಸ್ತೆಯಲ್ಲಿ. ಭಾವನವರು ನಾಚಿ ಒಳಗೆ ಹೋದರು. ಲಾರಿ ಉಬ್ಬಿನ ಮುಂದೆ ನಿಂತಿತು. ಅವನು ಕಿಟಕಿಯಿಂದ ತಲೆ ಹಾಕಿದ.

“ಅಕ್ಕಾ, ಏಳು. ಹಿಂದ ಗಾಡಿ ನಿಂತಾವ.”

“ನಿಂದ್ರಲಿ. ನಾವು ಐದು ವರ್ಷ ನಿಂತೀವಿ.”

ಇಳಿದು ಬಂದ. ಬೇವಿನ ಕೆಳಗಿನವರನ್ನು ಕಂಡ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಮಾಲಕ ಕಾಯುತ್ತಿದ್ದಾನೆ, ಬೆಳಗಾಗುವುದರೊಳಗೆ ಲೋಡ್ ಆಗಬೇಕು, ಮುಂದಿನ ವಾರ ಗ್ಯಾರಂಟಿ ಎಂದು ಏನೇನೋ ಹೇಳಿದ. ನಾನು ಬಾಯಿಗೆ ಬಂದದ್ದು ಬೈದೆ. ತಂಗಿ ಮಾತ್ರ ಬೈಯಲಿಲ್ಲ. ಚನ್ನುವನ್ನು ಅವನ ಮುಂದೆ ನಿಲ್ಲಿಸಿ, ಅಣ್ಣಾ, ನಿನಗ ನಾವು ಬ್ಯಾಡಾದ್ವೇನು ಎಂದು ಮೆಲ್ಲಗೆ ಕೇಳಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡ. ಮಾತಾಡಿದ್ದು ಅಕ್ಕನ ಕಡೆ ನೋಡಿ.

“ನನ್ನ ಕೈಗುಣ ಛಲೋ ಇಲ್ಲಕ್ಕಾ. ನಿನಗ ಗೊತ್ತಿಲ್ಲೇನು?”

ಗೊತ್ತಿತ್ತು, ನಮಗೆಲ್ಲ ಗೊತ್ತಿರಬೇಕಿತ್ತು. ಅಕ್ಕನ ಮೊದಲ ಮಗನ ಜವಳ ಮಾಡಿದ್ದು ಇವನೇ, ಇನ್ನೂ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ. ಆ ವರ್ಷ ತುಂಬುವ ಮೊದಲೇ ಮಗು ಜ್ವರದಲ್ಲಿ ಹೋಯಿತು. ಮಣ್ಣು ಮಾಡಿ ಬಂದು ಕುಳಿತಿದ್ದಾಗ ಸಂಬಂಧದ ಮುದುಕಿಯೊಬ್ಬಳು, ಸೋದರಮಾವನ ಕೈಗುಣ ನೋಡ್ರಿ ಎಂದಿದ್ದಳು. ನಾನೂ ಅಲ್ಲೇ ಇದ್ದೆ. ಕೇಳಿದೆ, ಮರೆತೆ. ಆಮೇಲೆ ಅಕ್ಕನಿಗೆ ಹುಟ್ಟಿದ್ದು ಹೆಣ್ಣು, ನನಗೆ ಎರಡೂ ಹೆಣ್ಣು. ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಜವಳವಿಲ್ಲ, ಹಾಗಾಗಿ ಯಾರೂ ಅವನ ಕೈ ಕೇಳಿರಲಿಲ್ಲ. ಚನ್ನುವನ್ನು ಅವನು ಒಂದು ದಿನವೂ ಎತ್ತಿಕೊಂಡದ್ದಿಲ್ಲ ಎಂದು ನನಗೆ ಹೊಳೆದದ್ದು ಆ ರಸ್ತೆಯ ಮೇಲೆ. ಅಸ್ಸಾಮಿನ ದಿನ ಫೋನು ತಾನೇ ಬಂದ್ ಮಾಡಿದ್ದಾಗಿಯೂ ಅವನೇ ಹೇಳಿದ. ಅಕ್ಕನ ಮನೆಯ ಮುಂದೆ ಗಾಡಿ ಯಾಕೆ ನಿಲ್ಲುತ್ತಿರಲಿಲ್ಲವೆಂದು ಯಾರೂ ಹೇಳಬೇಕಾಗಲಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಮಾತು ಬಾಯಿ ಬಿಟ್ಟು ಹೇಳಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ಇಡೀ ದೇಶ ಸುತ್ತಿದನಲ್ಲ.

ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಮಣೆಯಿಂದ ಎದ್ದಳು.

“ಆ ಮುದುಕಿ ಮಾತ ಇಷ್ಟು ವರ್ಷ ಹೊತ್ಕೊಂಡು ತಿರಗಿದ್ಯಾ?” ಎಂದಳು. “ನನ್ನ ಕೂಸಿನ್ನ ಜ್ವರ ಒಯ್ತಪಾ, ನೀ ಒಯ್ಯಲಿಲ್ಲ. ಅದರ ಹಿಂದ ನೀನೂ ಹೋದಿ. ಮಗ ಹೋದದ್ದು ಸಾಲದಂತ ತಮ್ಮನ್ನೂ ಕಳ್ಕೊಂಡೆ ನಾ.”

ಅವನು ಲಾರಿಯನ್ನು ಬದಿಗೆ ಹಾಕಿದ. ಜಾಗ ಬೇಕಾದಷ್ಟಿತ್ತು. ಕ್ಯಾಬಿನ್ನಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಒಳಗೆ ಸೋದರಮಾವ ಕೊಡಬೇಕಾದ ಆಯೇರಿಯೆಂದು ಕೊಂಡ ಪುಟ್ಟ ಅಂಗಿ ಚಡ್ಡಿ. ಮೂರನೆಯ ವರ್ಷಕ್ಕೆ ತೆಗೆದು ಅಸ್ಸಾಮಿನ ತನಕ ಒಯ್ದು ತಂದದ್ದು. ಚನ್ನುವಿನ ತೋಳು ಅದರೊಳಗೆ ಹೋಗಲಿಲ್ಲ. ತಂಗಿ ಅದನ್ನು ಮಡಚಿ ತನ್ನ ಉಡಿಯಲ್ಲಿ ಹಾಕಿಕೊಂಡಳು.

ಬೋರಿನ ನೀರಲ್ಲಿ ಅವನು ಕೈ ತೊಳೆದ, ಮತ್ತೆ ತೊಳೆದ, ಸಾಕು ಬಾ ಎನ್ನುವ ತನಕ ತೊಳೆದ. ಮಣೆಯ ಮೇಲೆ ಕುಳಿತಾಗ ಚನ್ನು ತಾನಾಗಿಯೇ ಹೋಗಿ ತೊಡೆ ಹತ್ತಿದ. ಘಟ್ಟದ ತಿರುವುಗಳಲ್ಲಿ ಅಷ್ಟು ದೊಡ್ಡ ಗಾಡಿ ಹೊರಳಿಸುವ ಕೈಗೆ ಆ ಕತ್ತರಿ ಹಿಡಿಯಲಾಗಲಿಲ್ಲ. ಅಕ್ಕ ಹಿಂದೆ ಬಂದು ನಿಂತು ತನ್ನ ಕೈಯನ್ನು ಅವನ ಕೈಯ ಮೇಲೆ ಇಟ್ಟಳು. ಸೋದರಮಾವ ಒಬ್ಬನೇ ಹಿಡಿಯಬೇಕೆಂದು ಅಯ್ಯನವರು ತಡೆದರು.

“ಮಂತ್ರ ನಿಮ್ದು ಹೇಳ್ರಿ,” ಎಂದಳು ಅಕ್ಕ. “ಕೈ ನಮ್ದು.”

ಎಳೆ ಬಿತ್ತು. ಉಳಿದದ್ದನ್ನು ನಾವಿಗ ತೆಗೆದ. ಚನ್ನು ತಲೆ ಸವರಿಕೊಂಡು ಕನ್ನಡಿ ಕೇಳಿದ. ಅಣ್ಣ ಅವನ ಬೋಳು ತಲೆಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ತೆಗೆಯಲೇ ಇಲ್ಲ. ನಾವು ಮೂವರೂ ಅತ್ತೆವು, ಅವನೂ ಅತ್ತ, ನಾವಿಗ ತನ್ನ ಸಾಮಾನು ಒರೆಸುತ್ತ ಆ ಕಡೆ ಮುಖ ಮಾಡಿ ಕುಳಿತ.

ಆಮೇಲೆ ಅಕ್ಕನ ಮನೆಯೊಳಗೆ ಊಟಕ್ಕೆ ಕುಳಿತ. ತಂಗಿ ಹೋಳಿಗೆ ಬಡಿಸಿದಳು, ಸಾಕೆಂದು ಅಡ್ಡ ಹಿಡಿದ ಕೈಯ ಮೇಲೂ ತುಪ್ಪ ಹಾಕಿದಳು. ಉಂಡವನು ಐದು ನಿಮಿಷ ಬೆನ್ನು ಹಚ್ಚುತ್ತೇನೆ ಎಂದು ಪಡಸಾಲೆಯ ಚಾಪೆಯ ಮೇಲೆ ಉರುಳಿದ. ಕೂಡಲೇ ಗೊರಕೆ. ಚನ್ನು ಅವನ ಹೊಟ್ಟೆಗೆ ತಲೆ ಕೊಟ್ಟು ಮಲಗಿದ್ದ.

ದೀಪ ಹಚ್ಚುವ ಹೊತ್ತಿಗೆ ಅವನ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಂದು ಅದಕ್ಕೆ ಚಾರ್ಜೂ ಇತ್ತು. ಒಂದು ಸಲ, ಎರಡು ಸಲ. ಮೂರನೆಯ ಸಲ ಅಕ್ಕ ಎತ್ತಿದಳು. ಆ ಕಡೆಯಿಂದ ಮಾಲಕ, ಗಾಡಿ ಎಲ್ಲಿದೆ, ಎಲ್ಲಿಗೆ ಹೋದ ಇವನು ಎಂದು ಕೂಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅಕ್ಕ ಸೆರಗು ಸರಿ ಮಾಡಿಕೊಂಡು, ತಮ್ಮನ ಮುಖ ನೋಡುತ್ತ ಹೇಳಿದಳು.

“ಎಲ್ಲೂ ಹೋಗಿಲ್ರಿ. ನಮ್ಮನ್ಯಾಗ ಮಲಗ್ಯಾನ. ಎಬ್ಬಸಂಗಿಲ್ಲ.”